ಎಲ್ಲರೂ ಎದ್ದು ನಿಂತಾಗ

ಊರ ಜಾತ್ರೆಯಲ್ಲಿ ತೇರು ಹೊರಡುವ ಹೊತ್ತಿಗೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಿಂದೆ ನಿಂತ ಮಗು ತೇರು ಕಾಣದೆ ಅಳತೊಡಗಿದರೆ ಅಪ್ಪ ಅದನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಆದರೆ ಎದ್ದು ನಿಲ್ಲಲಾಗದ ದೊಡ್ಡವರನ್ನು ಎತ್ತಿಕೊಳ್ಳುವವರು ಯಾರು? ಇಂಗ್ಲೆಂಡಿನ ಫುಟ್‌ಬಾಲ್ ಕ್ರೀಡಾಂಗಣಗಳು ಈ ಪ್ರಶ್ನೆಗೆ ನೂರು ವರ್ಷಗಳಿಂದ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಕೊಡುತ್ತ ಬಂದಿವೆ.

ಗೋಲು ಬೀಳುವ ಸೂಚನೆ ಕಂಡ ಕೂಡಲೇ ಗ್ಯಾಲರಿಯ ಅಷ್ಟೂ ಜನ ಎದ್ದು ನಿಲ್ಲುತ್ತಾರೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಲಿಕುರ್ಚಿಯಲ್ಲಿ ಕೂತ ಅಭಿಮಾನಿಗೆ ಆಗ ಕಾಣುವುದು ಚೆಂಡಲ್ಲ, ಮುಂದಿನ ಸಾಲಿನವರ ಕೋಟಿನ ಬೆನ್ನು. ಉಳಿದ ಆಟವನ್ನೆಲ್ಲ ಎಲ್ಲರಂತೆ ನೋಡಿದವನು, ಯಾವುದಕ್ಕಾಗಿ ಬಂದಿದ್ದನೋ ಆ ಕ್ಷಣವನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಗೋಲು ಬಿತ್ತೋ ಇಲ್ಲವೋ ಎಂಬುದನ್ನು ಜನರ ಗದ್ದಲದಿಂದಲೇ ಊಹಿಸಿಕೊಳ್ಳಬೇಕು.

ಟಿಕೆಟ್ ಕೊಡುವುದು ಬೇರೆ, ಆಟ ಕಾಣುವಂತೆ ಮಾಡುವುದು ಬೇರೆ, ತನ್ನವರ ನಡುವೆ ಕೂರಲು ಬಿಡುವುದು ಮತ್ತೂ ಬೇರೆ. ಒಂದು ಪಂದ್ಯದ ಮಟ್ಟಿಗಾದರೆ ಯಾರದೋ ದಯೆಯಿಂದ ಹೇಗೋ ನಡೆದುಹೋಗುತ್ತದೆ. ಕಾವಲುಗಾರ ಪಕ್ಕದ ಗೇಟು ತೆಗೆಯಬಹುದು, ನಾಲ್ಕು ಜನ ಕುರ್ಚಿ ಎತ್ತಬಹುದು. ಆದರೆ ಹತ್ತು ತಿಂಗಳ ಒಂದು ಇಡೀ ಋತುವನ್ನು ದಯೆಯ ಮೇಲೆ ಕಳೆಯಲಾಗದು. ಅದಕ್ಕೆ ವ್ಯವಸ್ಥೆ ಬೇಕು. ಅಂಗವಿಕಲ ಅಭಿಮಾನಿಯೊಬ್ಬ ತನ್ನ ತಂಡದ ಹಿಂದೆ ಋತುಪೂರ್ತಿ ಹೋದರೆ ಈ ವ್ಯತ್ಯಾಸ ತಿಂಗಳು ತಿಂಗಳೂ ಎದುರಾಗುತ್ತದೆ.

ಪಟ್ಟಿ ಬಂದ ದಿನ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳಿವೆ. ಆಗಸ್ಟ್‌ನಿಂದ ಮೇ ತಿಂಗಳವರೆಗೆ ಪ್ರತಿ ತಂಡ 38 ಪಂದ್ಯ ಆಡುತ್ತದೆ. ಅದರಲ್ಲಿ 19 ತವರಿನಲ್ಲಿ, 19 ಎದುರಾಳಿಯ ಊರಿನಲ್ಲಿ. ಇವುಗಳ ಜೊತೆಗೆ ಎಫ್‌ಎ ಕಪ್‌ನಂಥ ಪಂದ್ಯಾವಳಿಗಳು. ಪಂದ್ಯಗಳ ಪಟ್ಟಿ ಜೂನ್ ತಿಂಗಳಲ್ಲೇ ಪ್ರಕಟವಾಗುತ್ತದೆ. ಉಳಿದವರು ಆ ಪಟ್ಟಿಯಲ್ಲಿ ಮೊದಲು ಹುಡುಕುವುದು ಬದ್ಧ ವೈರಿಯ ಜೊತೆಗಿನ ಪಂದ್ಯ ಎಂದು ಎಂಬುದನ್ನು. ಗಾಲಿಕುರ್ಚಿಯ ಅಭಿಮಾನಿ ನೋಡುವುದು ಬೇರೆಯದನ್ನು: ಆ ಊರಿನ ರೈಲು ನಿಲ್ದಾಣದಲ್ಲಿ ಲಿಫ್ಟ್ ಇದೆಯೇ? ನಿಲ್ದಾಣದಿಂದ ಮೈದಾನಕ್ಕೆ ಏರುದಾರಿಯೇ? ಪಂದ್ಯ ಮುಗಿದ ಮೇಲೆ ಮರಳುವ ರೈಲು ಸಿಗುತ್ತದೆಯೇ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಪಟ್ಟಿ ಹಾಗೆಯೇ ಉಳಿಯುವುದಿಲ್ಲ. ದೂರದರ್ಶನ ಪ್ರಸಾರಕ್ಕಾಗಿ ಶನಿವಾರ ಮಧ್ಯಾಹ್ನದ ಪಂದ್ಯ ಸೋಮವಾರ ರಾತ್ರಿಗೆ ಸರಿಯಬಹುದು. ನಡೆದಾಡಬಲ್ಲವರಿಗೆ ಅದು ಕಿರಿಕಿರಿ. ಸಹಾಯಕನ ರಜೆ, ರೈಲಿನಲ್ಲಿ ಕಾದಿರಿಸಿದ ಗಾಲಿಕುರ್ಚಿಯ ಜಾಗ, ಹತ್ತಿಸಿ ಇಳಿಸುವ ಸಿಬ್ಬಂದಿಯ ಏರ್ಪಾಡು ಎಲ್ಲವನ್ನೂ ಹೊಂದಿಸಿಕೊಂಡವನಿಗೆ ಅದು ಮೊದಲಿನಿಂದ ಮತ್ತೆ ಶುರು ಮಾಡುವ ಕೆಲಸ.

ಆಗಸ್ಟ್: ತವರಿನ ಗ್ಯಾಲರಿ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಶುರುವಾದದ್ದು 1888ರಲ್ಲಿ. ಶನಿವಾರ ಅರ್ಧ ದಿನ ದುಡಿದು ಕಾರ್ಖಾನೆಯಿಂದ ಹೊರಬಿದ್ದ ಕೆಲಸಗಾರರು ನಿಂತು ನೋಡುವ ಆಟ ಅದು. ಮೈದಾನದ ಸುತ್ತ ಮಣ್ಣು ಏರಿಸಿ ಮೆಟ್ಟಿಲು ಮಾಡಿದರೆ ಸಾವಿರಾರು ಜನ ಹಿಡಿಸುತ್ತಿದ್ದರು. ಗ್ಲಾಸ್ಗೋದಲ್ಲಿ 1865ರಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಎಂಬ ವಿನ್ಯಾಸಕಾರ ಬ್ರಿಟನ್ನಿನ ಅನೇಕ ಹೆಸರಾಂತ ಕ್ರೀಡಾಂಗಣಗಳ ಗ್ಯಾಲರಿಗಳನ್ನು ರೂಪಿಸಿದ. ಅದಕ್ಕೆ ಮೊದಲು ಆತ ಕಾರ್ಖಾನೆಗಳ ಕಟ್ಟಡಗಳಿಗೆ ನಕ್ಷೆ ಹಾಕುತ್ತಿದ್ದ. ಕಡಿಮೆ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ, ಹೆಚ್ಚು ಜನ; ಇದೇ ಆ ಕಾಲದ ಸೂತ್ರ. ಕಡಿದಾದ ಮೆಟ್ಟಿಲು, ಒಬ್ಬೊಬ್ಬರನ್ನೇ ಒಳಬಿಡುವ ಇಕ್ಕಟ್ಟಾದ ತಿರುಗು ಗೇಟು, ಕಂಬಗಳ ನಡುವಿನ ಓಣಿ. ಗಾಲಿಕುರ್ಚಿಯನ್ನು ಬೇಕೆಂದೇ ಹೊರಗಿಟ್ಟರು ಎನ್ನಲಾಗದು. ಅದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಲಂಡನ್ನಿನ ಕ್ರೇವನ್ ಕಾಟೇಜ್‌ನಲ್ಲಿ 1905ರಲ್ಲಿ ಲೀಚ್ ಕಟ್ಟಿಸಿದ ಗ್ಯಾಲರಿ ಇಂದಿಗೂ ಬಳಕೆಯಲ್ಲಿದೆ. ಅದೀಗ ಸಂರಕ್ಷಿತ ಕಟ್ಟಡವಾದ್ದರಿಂದ ಮನಬಂದಂತೆ ಒಡೆದು ಬದಲಾಯಿಸುವಂತಿಲ್ಲ.

ಹಾಗೆಂದು ಅಂಗವಿಕಲರು ಪಂದ್ಯಕ್ಕೆ ಬರುತ್ತಲೇ ಇರಲಿಲ್ಲ ಎಂದಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲೇ ಪಂದ್ಯ ನೋಡಲು ಬರುತ್ತಿದ್ದರು. ಎರಡನೇ ಮಹಾಯುದ್ಧದ ಬಳಿಕ, 1948ರಿಂದ, ಬ್ರಿಟಿಷ್ ಸರ್ಕಾರವೇ ಅಂಗವಿಕಲರಿಗೆ ಮೂರು ಗಾಲಿಯ ಸಣ್ಣ ವಾಹನಗಳನ್ನು ಒದಗಿಸತೊಡಗಿತು. 'ಇನ್ವಾಕಾರ್' ಎಂದು ಹೆಸರಾದ ಈ ತಿಳಿನೀಲಿ ಬಂಡಿಗಳು ಕ್ರೀಡಾಂಗಣದ ಒಳಕ್ಕೇ ಬಂದು ಮೈದಾನದ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಕ್ರೀಡಾಂಗಣದ ಹಳೆಯ ಛಾಯಾಚಿತ್ರಗಳಲ್ಲಿ ಗೋಲುಕಂಬದ ಹಿಂದೆ ಅವು ನಿಂತಿರುವುದನ್ನು ಕಾಣಬಹುದು.

ನೋಡಲು ಚಂದದ ಏರ್ಪಾಡು. ಮುಂದೆ ಅಡ್ಡ ನಿಲ್ಲುವವರೂ ಇಲ್ಲ. ಆದರೆ ಆ ಬಂಡಿಯಲ್ಲಿ ಇದ್ದದ್ದು ಒಂದೇ ಸೀಟು. ಹೆಂಡತಿಯಾಗಲಿ, ಮಗನಾಗಲಿ, ಗೆಳೆಯನಾಗಲಿ ಜೊತೆಗೆ ಕೂರುವಂತಿರಲಿಲ್ಲ. ಗ್ಯಾಲರಿಯಲ್ಲಿ ಸಾವಿರಾರು ಜನ ಹೆಗಲಿಗೆ ಹೆಗಲು ಕೊಟ್ಟು ಹಾಡುತ್ತಿದ್ದರೆ, ಈತ ಗಾಜಿನ ಹಿಂದೆ ಒಬ್ಬನೇ ಕೂತು ನೋಡಬೇಕು. ಆಟ ಕಂಡಿತು, ಜೊತೆ ಸಿಗಲಿಲ್ಲ. ಸುರಕ್ಷತೆಯ ಕಾರಣದಿಂದ 2003ರ ಮಾರ್ಚ್ 31ರಂದು ಈ ಬಂಡಿಗಳನ್ನು ರಸ್ತೆಯಿಂದಲೇ ತೆಗೆಯಲಾಯಿತು.

ಕ್ರೀಡಾಂಗಣಗಳ ರೂಪ ಬದಲಿಸಿದ್ದು ಒಂದು ದುರಂತ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಪಂದ್ಯದ ಹೊತ್ತಿಗೆ, ಬೇಲಿ ಹಾಕಿದ ಕಟ್ಟೆಯಲ್ಲಿ ಜನ ಇಕ್ಕಟ್ಟಿಗೆ ಸಿಕ್ಕಿ ನಲುಗಿದರು. ಅದರಿಂದ ಸತ್ತವರ ಸಂಖ್ಯೆ 97. ಕೊನೆಯ ಸಾವು ಸಂಭವಿಸಿದ್ದು ಮೂವತ್ತೆರಡು ವರ್ಷಗಳ ನಂತರ, 2021ರಲ್ಲಿ. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯಂತೆ ಮೇಲಿನ ಎರಡು ವಿಭಾಗಗಳ ಕ್ರೀಡಾಂಗಣಗಳಲ್ಲಿ ನಿಲ್ಲುವ ಕಟ್ಟೆಗಳು ಹೋಗಿ ಎಲ್ಲರಿಗೂ ಆಸನ ಬಂತು. ಹಳೆಯ ಕಟ್ಟೆಗಳನ್ನು ಒಡೆದು ಕಟ್ಟುವಾಗಲಾದರೂ ಗಾಲಿಕುರ್ಚಿಯ ಲೆಕ್ಕ ಹಿಡಿಯಬಹುದಿತ್ತು. ಕೆಲವರು ಹಿಡಿದರು, ಹಲವರು ಹಿಡಿಯಲಿಲ್ಲ.

ಎಷ್ಟು ಜಾಗ ಇರಬೇಕು ಎಂಬುದಕ್ಕೆ ಸ್ಪಷ್ಟ ಅಳತೆ ಸಿಕ್ಕಿದ್ದು 2003ರಲ್ಲಿ ಪ್ರಕಟವಾದ 'ಆಕ್ಸೆಸಿಬಲ್ ಸ್ಟೇಡಿಯಾ' ಎಂಬ ಮಾರ್ಗದರ್ಶಿಯಲ್ಲಿ. ಅದರಂತೆ 10 ಸಾವಿರ ಆಸನಗಳ ಹೊಸ ಕ್ರೀಡಾಂಗಣದಲ್ಲಿ ಗಾಲಿಕುರ್ಚಿಗೆ 100 ಜಾಗ, 30 ಸಾವಿರದ್ದರಲ್ಲಿ 180, 60 ಸಾವಿರದ್ದರಲ್ಲಿ 250. ಅಂಕಿಗಿಂತ ಮುಖ್ಯವಾದ ಮಾತು ಇನ್ನೊಂದಿದೆ: ಮುಂದಿನವರು ಎದ್ದು ನಿಂತರೂ ಗಾಲಿಕುರ್ಚಿಯಲ್ಲಿ ಕೂತವರಿಗೆ ಮೈದಾನ ಕಾಣಬೇಕು. ಅಂದರೆ ಕುರ್ಚಿ ನಿಲ್ಲುವ ಜಗಲಿಯನ್ನು ಮುಂದಿನ ಸಾಲಿಗಿಂತ ಸಾಕಷ್ಟು ಎತ್ತರಿಸಬೇಕು. ತೇರಿನೆದುರು ಮಗುವನ್ನು ಹೆಗಲಿಗೇರಿಸುವ ಅಪ್ಪನ ಕೆಲಸವನ್ನು ಇಲ್ಲಿ ಸಿಮೆಂಟಿನ ಜಗಲಿ ಮಾಡುತ್ತದೆ. ಅಗ್ಗದ ದಾರಿಯೆಂದು ಎಲ್ಲಕ್ಕಿಂತ ಕೆಳಗಿನ ಸಾಲಿನ ಮುಂದೆ ಜಾಗ ಬಿಟ್ಟರೆ, ಮಳೆ ಬಂದಾಗ ಮೊದಲು ನೆನೆಯುವವರೂ ಅವರೇ.

ಸಹಾಯಕನಿಗೆ ಉಚಿತ ಟಿಕೆಟ್ ಕೊಡುವ ಪದ್ಧತಿ ಬಹುತೇಕ ದೊಡ್ಡ ಕ್ಲಬ್‌ಗಳಲ್ಲಿದೆ. ಆದರೆ ಆ ಸಹಾಯಕನ ಆಸನ ಪಕ್ಕದಲ್ಲಿಲ್ಲದೆ ಬೆನ್ನ ಹಿಂದಿದ್ದರೆ ಮಾತಾಡಲು ಪ್ರತಿ ಸಲ ಕುತ್ತಿಗೆ ತಿರುಗಿಸಬೇಕು. ಜೊತೆಗೆ ಒಬ್ಬರಿಗಷ್ಟೇ ಅವಕಾಶವಿದ್ದರೆ, ಇಬ್ಬರು ಮಕ್ಕಳ ತಂದೆ ಒಂದು ಮಗುವನ್ನು ಬೇರೆ ಗ್ಯಾಲರಿಗೆ ಕಳಿಸಬೇಕು ಇಲ್ಲವೇ ಮನೆಯಲ್ಲಿ ಬಿಟ್ಟು ಬರಬೇಕು.

ಅಕ್ಟೋಬರ್: ಎದುರಾಳಿಯ ಊರಿಗೆ

ತವರಿನಲ್ಲಿ ಕಾವಲುಗಾರರ ಪರಿಚಯವಿರುತ್ತದೆ, ಲಿಫ್ಟ್ ಎಲ್ಲಿದೆ ಎಂದು ಗೊತ್ತಿರುತ್ತದೆ. ಅಭಿಮಾನದ ನಿಜವಾದ ಪರೀಕ್ಷೆ ಎದುರಾಳಿಯ ಊರಿನಲ್ಲಿ. ಪ್ರೀಮಿಯರ್ ಲೀಗ್‌ನಲ್ಲಿ ಹೊರಗಿನಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ 2016-17ರ ಋತುವಿನಿಂದ 30 ಪೌಂಡ್‌ಗಳ ಮಿತಿ ಇದೆ. ಟಿಕೆಟ್ಟಿಗಿಂತ ದಾರಿಯೇ ದುಬಾರಿ.

ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿ ಮಗುವಿನ ತಳ್ಳುಗಾಡಿ ನಿಂತಿದ್ದರೆ ಯಾರು ಬಿಟ್ಟುಕೊಡಬೇಕು? 2012ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರೈಲು ಹಿಡಿಯಲು ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ಇದೇ ಕಾರಣಕ್ಕೆ ಬಸ್ ಹತ್ತಲಾಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜಾಗ ಬಿಡಿ ಎಂದು ಚಾಲಕ ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ಮುಂದಿನ ಕ್ರಮವನ್ನೂ ಯೋಚಿಸಬೇಕು ಎಂದು 2017ರ ಜನವರಿಯಲ್ಲಿ ಕೋರ್ಟ್ ಹೇಳಿತು. ಲಂಡನ್ನಿನ ಸುರಂಗ ರೈಲಿನ 272 ನಿಲ್ದಾಣಗಳಲ್ಲಿ ಮೆಟ್ಟಿಲಿನ ಹಂಗಿಲ್ಲದೆ ಹೋಗಿಬರಬಹುದಾದವು ಸುಮಾರು ಮೂರನೇ ಒಂದರಷ್ಟು ಮಾತ್ರ. ದೂರದ ರೈಲುಗಳಲ್ಲಿ ಹತ್ತಿಸಿ ಇಳಿಸುವ ಸಹಾಯವನ್ನು ಹಿಂದೆ ಬಹಳ ಮುಂಚೆಯೇ ಕೇಳಿಡಬೇಕಿತ್ತು. 2022ರ ಏಪ್ರಿಲ್‌ನಿಂದ ಎರಡು ಗಂಟೆ ಮೊದಲು ತಿಳಿಸಿದರೆ ಸಾಕು ಎಂದಾಗಿದೆ.

ಇಷ್ಟೆಲ್ಲ ದಾಟಿ ಮೈದಾನ ಮುಟ್ಟಿದ ಮೇಲೆ ಇನ್ನೊಂದು ಪರೀಕ್ಷೆ. ಹೊರಗಿನಿಂದ ಬಂದ ಅಭಿಮಾನಿಗಳನ್ನು ಕ್ರೀಡಾಂಗಣದ ಒಂದು ಮೂಲೆಯಲ್ಲಿ ಒಟ್ಟಾಗಿ ಕೂರಿಸುವುದು ಇಂಗ್ಲೆಂಡಿನ ರೂಢಿ. ಆ ಮೂಲೆಯಲ್ಲಿ ಜಗಲಿ ಇಲ್ಲದಿದ್ದರೆ? ಗಾಲಿಕುರ್ಚಿಯವನನ್ನು ತವರಿನ ಅಭಿಮಾನಿಗಳ ನಡುವೆ ಕೂರಿಸುತ್ತಾರೆ. ಅಂಥ ಕಡೆ ತನ್ನ ತಂಡದ ಬಣ್ಣದ ಮಫ್ಲರನ್ನು ಕೋಟಿನೊಳಗೆ ಮುಚ್ಚಿಟ್ಟುಕೊಳ್ಳಬೇಕು. ತನ್ನ ತಂಡ ಗೋಲು ಹೊಡೆದರೆ ಮುಖದಲ್ಲಿ ನಗು ಸುಳಿಯದಂತೆ ಹಲ್ಲು ಕಚ್ಚಿಕೊಳ್ಳಬೇಕು. ಮೈದಾನದ ಆಚೆ ತನ್ನವರು ಕುಣಿಯುತ್ತಿರುವುದು ಕಾಣುತ್ತದೆ, ಸುತ್ತ ಕೂತವರು ಬೈಯುತ್ತಿರುವುದು ಕೇಳುತ್ತದೆ. ಮದುವೆ ಮನೆಗೆ ಬಂದು ಬೇರೆಯವರ ಪಂಕ್ತಿಯಲ್ಲಿ ಕೂತು ಉಂಡು ಎದ್ದು ಹೋದಂತೆ. ಅಂಗವಿಕಲರ ಸಂಘಟನೆಗಳು ಬಹುಕಾಲದಿಂದ ಹೇಳುತ್ತ ಬಂದ ದೂರುಗಳಲ್ಲಿ ಇದೂ ಒಂದು. ಜಾಗ ಕೊಟ್ಟಿದ್ದೇವಲ್ಲ ಎಂದು ಲೆಕ್ಕ ಒಪ್ಪಿಸುವವರಿಗೆ ಇದು ದೂರೆಂದೇ ತೋರದು. ಅಭಿಮಾನಿಗೆ ಮಾತ್ರ ಇದಕ್ಕಿಂತ ದೊಡ್ಡ ಕೊರತೆಯಿಲ್ಲ.

ಡಿಸೆಂಬರ್: ಚಳಿ ಮತ್ತು ರಜೆ

ಕ್ರಿಸ್‌ಮಸ್ ಮರುದಿನ, ಅಂದರೆ ಡಿಸೆಂಬರ್ 26ರಂದು, ಫುಟ್‌ಬಾಲ್ ನೋಡುವುದು ಇಂಗ್ಲೆಂಡಿನ ಹಳೆಯ ಸಂಪ್ರದಾಯ. ಆದರೆ ಆ ದಿನ ಬಹುಪಾಲು ರೈಲುಗಳು ಓಡುವುದಿಲ್ಲ. ಕಾರಿದ್ದವರು ಹೋಗುತ್ತಾರೆ, ಬಸ್ ಗೊತ್ತುಮಾಡಿಕೊಂಡ ಗೆಳೆಯರ ಗುಂಪು ಹೋಗುತ್ತದೆ. ಆ ಬಸ್ಸಿಗೆ ಗಾಲಿಕುರ್ಚಿ ಏರಿಸುವ ಸೌಲಭ್ಯವಿಲ್ಲದಿದ್ದರೆ ಒಬ್ಬ ಹಿಂದುಳಿಯುತ್ತಾನೆ.

ಚಳಿಯೂ ಎಲ್ಲರಿಗೂ ಒಂದೇ ಅಲ್ಲ. ನಿಂತವರು ಕಾಲು ಬಡಿದು, ಕೈ ತಟ್ಟಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಎರಡು ಗಂಟೆ ಅಲುಗಾಡದೆ ಕೂತವರ ಕಾಲು ಮರಗಟ್ಟುತ್ತದೆ. ವಿದ್ಯುತ್ ಗಾಲಿಕುರ್ಚಿಯ ಬ್ಯಾಟರಿ ಚಳಿಯಲ್ಲಿ ಬೇಗ ಇಳಿಯುತ್ತದೆ. ಬಳಸಬಹುದಾದ ಶೌಚಾಲಯ ಮೈದಾನದ ಇನ್ನೊಂದು ತುದಿಯಲ್ಲಿದ್ದರೆ, ಕೆಲವರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಪತ್ರಿಕೆಯ ಕ್ರೀಡಾಪುಟದಲ್ಲಿ ಇದಾವುದೂ ಬರುವುದಿಲ್ಲ. ಆದರೆ ಋತು ಮುಗಿಸುವ ಮೊದಲೇ ಅನೇಕರು ಮನೆಯಲ್ಲಿ ಉಳಿದುಬಿಡುವುದು ಇಂಥ ಸಣ್ಣ ಸಂಗತಿಗಳಿಂದಲೇ.

ಜನವರಿ: ಹಳೆಯ ಮೈದಾನ, ಹೊಸ ಕಾನೂನು

ಜನವರಿಯ ಮೊದಲ ವಾರಗಳಲ್ಲಿ ಎಫ್‌ಎ ಕಪ್‌ನ ಮೂರನೇ ಸುತ್ತು. ದೊಡ್ಡ ತಂಡಗಳು ಸಣ್ಣ ಊರುಗಳ ಮೈದಾನಕ್ಕೆ ಹೋಗುವ ಕಾಲ ಇದು. ಹಳೆಯ ಮೈದಾನ ಎಂದರೇನು ಎಂಬುದನ್ನು ಲೂಟನ್ ಪಟ್ಟಣದ ಕೆನಿಲ್‌ವರ್ತ್ ರಸ್ತೆಯ ಕ್ರೀಡಾಂಗಣ ತೋರಿಸುತ್ತದೆ. 1905ರಿಂದ ಬಳಕೆಯಲ್ಲಿರುವ ಅಲ್ಲಿ ಹೊರಗಿನ ಅಭಿಮಾನಿಗಳ ಬಾಗಿಲು ಸಾಲುಮನೆಗಳ ನಡುವೆ ಇದೆ. ಒಳಹೊಕ್ಕು ಮೆಟ್ಟಿಲೇರುವಾಗ ಎರಡೂ ಕಡೆ ಜನರ ಹಿತ್ತಲುಗಳು ಕಾಣುತ್ತವೆ. 2023-24ರಲ್ಲಿ ಲೂಟನ್ ಪ್ರೀಮಿಯರ್ ಲೀಗ್‌ಗೆ ಏರಿದಾಗ ಆ ಬಾಗಿಲಿನ ಚಿತ್ರ ಜಗತ್ತಿನ ಎಲ್ಲೆಡೆ ಮುದ್ರಣವಾಯಿತು. ನಡೆಯಬಲ್ಲವರಿಗೆ ಅದು ಮೋಜು.

ಬ್ರಿಟನ್ನಿನಲ್ಲಿ ಅಂಗವಿಕಲರ ವಿರುದ್ಧದ ತಾರತಮ್ಯವನ್ನು ತಡೆಯುವ ಕಾಯ್ದೆ ಬಂದದ್ದು 1995ರಲ್ಲಿ. ಕಟ್ಟಡಗಳಲ್ಲಿರುವ ಅಡ್ಡಿಗಳನ್ನು ನಿವಾರಿಸುವ ಹೊಣೆ 2004ರ ಅಕ್ಟೋಬರ್‌ನಿಂದ ಜಾರಿಗೆ ಬಂತು. 2010ರ ಸಮಾನತಾ ಕಾಯ್ದೆ ಅದರ ಜಾಗ ತೆಗೆದುಕೊಂಡಿತು. ಕಾಯ್ದೆ ಕೇಳುವುದು 'ನ್ಯಾಯವಾದ ಮಾರ್ಪಾಡು'. ಟಿಕೆಟ್ ಹಣದಲ್ಲೇ ದಿನ ದೂಡುವ ಸಣ್ಣ ಕ್ಲಬ್ಬಿಗೆ ನ್ಯಾಯವೆನಿಸುವುದೂ, ಕೋಟಿಗಟ್ಟಲೆ ಕೊಟ್ಟು ಆಟಗಾರರನ್ನು ಕೊಳ್ಳುವ ಕ್ಲಬ್ಬಿಗೆ ನ್ಯಾಯವೆನಿಸುವುದೂ ಒಂದೇ ಆಗಿರಲಾರದು.

ಕ್ಲಬ್‌ಗಳ ಅಂಗವಿಕಲ ಅಭಿಮಾನಿಗಳು 1998ರಲ್ಲಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. 'ಲೆವೆಲ್ ಪ್ಲೇಯಿಂಗ್ ಫೀಲ್ಡ್' ಎಂದು ಈಗ ಅದರ ಹೆಸರು. ಅವರ ದೂರಿಗೆ ಅಂಕಿಯ ಬಲ ಸಿಕ್ಕಿದ್ದು 2014ರಲ್ಲಿ. ಅಂದಿನ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳ ಪೈಕಿ 17ರಲ್ಲಿ ಮಾರ್ಗದರ್ಶಿ ಹೇಳಿದಷ್ಟು ಗಾಲಿಕುರ್ಚಿ ಜಾಗಗಳಿಲ್ಲ ಎಂದು ಬಿಬಿಸಿ ವರದಿ ಮಾಡಿತು. 2016ರಿಂದ ಮೂರು ವರ್ಷಗಳಿಗೆ ದೇಶದೊಳಗಿನ ಪ್ರಸಾರ ಹಕ್ಕುಗಳನ್ನು ಈ ಲೀಗ್ ಮಾರಿದ್ದು 513 ಕೋಟಿಗೂ ಹೆಚ್ಚು ಪೌಂಡ್‌ಗಳಿಗೆ. ಹಣವಿಲ್ಲ ಎನ್ನುವ ಮಾತಿಗೆ ಆಮೇಲೆ ಅರ್ಥ ಉಳಿಯಲಿಲ್ಲ. 2017ರ ಆಗಸ್ಟ್‌ನೊಳಗೆ ಎಲ್ಲವನ್ನೂ ಸರಿಪಡಿಸುವುದಾಗಿ ಕ್ಲಬ್‌ಗಳು 2015ರ ಸೆಪ್ಟೆಂಬರಿನಲ್ಲಿ ಮಾತು ಕೊಟ್ಟವು. ಕೆಲವು ಕ್ಲಬ್‌ಗಳು ಗಡುವು ಮೀರಲಿವೆ ಎಂದು ಕಂಡಾಗ ಸಂಸದೀಯ ಸಮಿತಿಯೊಂದು 2017ರ ಜನವರಿಯಲ್ಲಿ ಅವನ್ನು ಕಟುವಾಗಿ ಟೀಕಿಸಿತು. ಎಲ್ಲ ಮುಗಿಯದಿದ್ದರೂ ಅನೇಕ ಕಡೆ ಹೊಸ ಜಗಲಿಗಳು ಎದ್ದವು. ಜಗಲಿಗಾಗಿ ಆಸನ ಕಿತ್ತಾಗ ಆ ಜಾಗದಲ್ಲಿ ವರ್ಷಗಟ್ಟಲೆ ಕೂತು ಬಂದವರು ಬೇರೆಡೆಗೆ ಸರಿಯಬೇಕಾಯಿತು. ನ್ಯಾಯಕ್ಕೂ ಯಾರಾದರೂ ಜಾಗ ಬಿಡಬೇಕಾಗುತ್ತದೆ.

ಮಾರ್ಚ್: ಕಣ್ಣಿಗೆ ಕಾಣದ ಆಟ

ಅಂಗವಿಕಲತೆ ಎಂದರೆ ಗಾಲಿಕುರ್ಚಿ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಒಂದಲ್ಲ ಒಂದು ಬಗೆಯ ಅಂಗವಿಕಲತೆ ಉಳ್ಳವರು. ಕಣ್ಣು ಕಾಣದವರು ಮೈದಾನಕ್ಕೆ ಏಕೆ ಹೋಗುತ್ತಾರೆ, ಮನೆಯಲ್ಲಿ ಕೂತು ರೇಡಿಯೊ ಕೇಳಬಾರದೇ ಎಂದು ಕೇಳುವವರಿದ್ದಾರೆ. ಸಂಗೀತ ಕಛೇರಿಗೆ ಹೋಗುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಜನರ ಹಾಡು, ಹುಲ್ಲಿನ ವಾಸನೆ, ಗೋಲಿಗೆ ಮುಂಚಿನ ಒಂದು ಗಳಿಗೆಯ ಮೌನ ಮನೆಯ ರೇಡಿಯೊದಲ್ಲಿ ಸಿಗುವಂಥವಲ್ಲ. ರೇಡಿಯೊ ಪ್ರಸಾರ ತುಸು ತಡವಾಗಿ ತಲುಪುವುದರಿಂದ ಅದನ್ನು ಮೈದಾನಕ್ಕೆ ಒಯ್ದರೂ ಉಪಯೋಗವಿಲ್ಲ. ಜನ ಕೂಗಿ ಮುಗಿಸಿದ ಮೇಲೆ ವೀಕ್ಷಕ ವಿವರಣೆ ಕಿವಿಗೆ ಬೀಳುತ್ತದೆ. ಆದ್ದರಿಂದ ಅನೇಕ ಕ್ಲಬ್‌ಗಳು ಮೈದಾನದಲ್ಲೇ ಪ್ರತ್ಯೇಕ ವಿವರಣೆ ನೀಡುತ್ತವೆ. ಆ ವಿವರಣೆಕಾರ ಹಳೆಯ ಕಥೆ ಹೇಳುತ್ತ ಕೂರುವಂತಿಲ್ಲ. ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ಬಿಡುವಿಲ್ಲದೆ ಹೇಳುತ್ತಿರಬೇಕು.

ಗದ್ದಲವೇ ಹಿಂಸೆಯಾಗುವ ಆಟಿಸಂ ಉಳ್ಳ ಮಕ್ಕಳಿಗಾಗಿ ಸಂಡರ್‌ಲೆಂಡ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ 2015ರಲ್ಲಿ ಒಂದು ವಿಶೇಷ ಕೋಣೆ ತೆರೆಯಲಾಯಿತು. ಗಾಜಿನ ಮೂಲಕ ಆಟ ಕಾಣುತ್ತದೆ, ಸದ್ದು ತಗ್ಗಿರುತ್ತದೆ. ಅದಕ್ಕಾಗಿ ಓಡಾಡಿದ್ದು ಒಂದು ಕುಟುಂಬ. ಇಂಥ ಕೋಣೆಗಳು ಈಗ ಬೇರೆ ಕ್ರೀಡಾಂಗಣಗಳಲ್ಲೂ ಇವೆ. 2024ರ ಏಪ್ರಿಲ್ 13ರಂದು ನ್ಯೂಕ್ಯಾಸಲ್‌ನಲ್ಲಿ ಕಿವಿ ಕೇಳದ ಅಭಿಮಾನಿಗಳು ವಿಶೇಷ ಅಂಗಿ ತೊಟ್ಟು ಕೂತಿದ್ದರು. ಪ್ರೇಕ್ಷಕರ ಕೂಗನ್ನು ಅದು ಕಂಪನವಾಗಿ ಬದಲಿಸಿ ಮೈಗೆ ಮುಟ್ಟಿಸುತ್ತಿತ್ತು. ಅಂದು ನ್ಯೂಕ್ಯಾಸಲ್ 4-0ರಿಂದ ಗೆದ್ದಿತು. ನಾಲ್ಕು ಸಲ ಆ ಅಂಗಿಗಳು ಅದುರಿದವು.

ಮೇ: ಕೊನೆಯ ಪಂದ್ಯ

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಲೀಗ್ ನಿಂತಿತು. ಜೂನ್‌ನಲ್ಲಿ ಮತ್ತೆ ಶುರುವಾದಾಗ ಕ್ರೀಡಾಂಗಣಗಳು ಖಾಲಿ. ಆಟ ಕಾಣುತ್ತಿತ್ತು, ಆದರೆ ಟಿ.ವಿ.ಯಲ್ಲಿ, ತನ್ನವರೊಡನೆ ಅಲ್ಲ. ಇದು ಫುಟ್‌ಬಾಲೇ ಅಲ್ಲ ಎಂದು ಅಭಿಮಾನಿಗಳು ಹಲುಬಿದರು. ಅನೇಕ ಅಂಗವಿಕಲರು ಮಾತ್ರ ಆ ಅನುಭವಕ್ಕೆ ಹೊಸಬರಾಗಿರಲಿಲ್ಲ. ಎರಡು ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ ಕಂಬಿ ಅಳವಡಿಸಿದ ಜಾಗಗಳಲ್ಲಿ ನಿಂತು ನೋಡಲು ಮತ್ತೆ ಅನುಮತಿ ಸಿಕ್ಕಿತು. ನಿಲ್ಲುವವರ ಹಕ್ಕು ಮರಳಿ ಬಂದ ಮೇಲೆ, ಅವರ ಹಿಂದೆ ಕೂತವರ ಜಗಲಿಯ ಎತ್ತರ ಇನ್ನಷ್ಟು ಮುಖ್ಯವಾಗಿದೆ.

ಬ್ರಿಟನ್ ಕಾಯ್ದೆ ಮಾಡಿದ ಅದೇ 1995ರಲ್ಲಿ ಭಾರತದ ಸಂಸತ್ತೂ ಅಂಗವಿಕಲರ ಕಾಯ್ದೆಯೊಂದನ್ನು ಅಂಗೀಕರಿಸಿತು. 2016ರ ಹೊಸ ಕಾಯ್ದೆ ಮನರಂಜನೆ ಮತ್ತು ಕ್ರೀಡೆಯನ್ನೂ ಹಕ್ಕಿನ ಮಾತಿನಲ್ಲೇ ಹೇಳಿದೆ. ಕಟ್ಟಡಗಳ ಪ್ರವೇಶದ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಭಾರತದ ಸುಪ್ರೀಂ ಕೋರ್ಟ್ ಹೇಳಿದೆ. ಇಂಗ್ಲೆಂಡಿನ ಅನುಭವದಿಂದ ತಿಳಿಯುವುದೂ ಇದೇ. ಕಾಯ್ದೆ ಬಂದ ಇಪ್ಪತ್ತು ವರ್ಷಗಳ ಮೇಲೂ ಕ್ಲಬ್‌ಗಳು ಗಡುವು ಕೇಳುತ್ತಿದ್ದವು. ಅಳತೆ ಹಿಡಿದು, ಅಂಕಿ ಎಣಿಸಿ, ಹೆಸರು ಹಿಡಿದು ಕೇಳಿದ ಮೇಲೆಯೇ ಸಿಮೆಂಟು ಕಲಸಿದ್ದು.

ಮೇ ತಿಂಗಳ ಕೊನೆಯ ತವರು ಪಂದ್ಯ ಮುಗಿದ ಮೇಲೆ ಆಟಗಾರರು ಮೈದಾನ ಸುತ್ತುತ್ತ ಅಭಿಮಾನಿಗಳಿಗೆ ಕೈ ಬೀಸುತ್ತಾರೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಜಗಲಿ ಸರಿಯಾದ ಎತ್ತರದಲ್ಲಿದ್ದರೆ, ಗಾಲಿಕುರ್ಚಿಯಲ್ಲಿ ಕೂತವನೂ ಅವರನ್ನು ನೋಡುತ್ತ ಚಪ್ಪಾಳೆ ತಟ್ಟುತ್ತಾನೆ. ಪಕ್ಕದಲ್ಲಿ ಗೆಳೆಯನಿರುತ್ತಾನೆ, ಸುತ್ತ ತನ್ನದೇ ತಂಡದ ಬಣ್ಣವಿರುತ್ತದೆ. ಯಾರೂ ಅವನನ್ನು ಎತ್ತಿಕೊಳ್ಳಬೇಕಾಗಿ ಬರುವುದಿಲ್ಲ. ತಂಡ ಗೆದ್ದಿರಲಿ ಸೋತಿರಲಿ, ಮನೆಗೆ ಹೋಗುವ ದಾರಿಯಲ್ಲಿ ಅವನೂ ಎಲ್ಲರಂತೆ ತರಬೇತುದಾರನನ್ನು ಬೈದುಕೊಳ್ಳುತ್ತ, ಜೂನ್ ತಿಂಗಳ ಪಟ್ಟಿಗೆ ಕಾಯುತ್ತಾನೆ.